ಉಗುರುಚಕ್ಕೆ

ನಂಜನಗೂಡಿನ ನಮ್ಮ ಮನೆಗೆ ಬರುವವರು ಮನೆ ನಂಬರು ಕೇಳುತ್ತಿರಲಿಲ್ಲ. ಬೀದಿಯ ತಿರುವಿನಲ್ಲೇ ಅಜ್ಜಿಯ ಧೂಪದ ವಾಸನೆ ಹಿಡಿದು ನೆಟ್ಟಗೆ ನಮ್ಮ ಜಗಲಿ ಹತ್ತುತ್ತಿದ್ದರು. ಹಾಗಂತ ದೊಡ್ಡ ಮನೆಯೇನಲ್ಲ. ಜಗಲಿ ದಾಟಿದರೆ ನಡುಮನೆ, ಅದಕ್ಕೆ ಅಂಟಿಕೊಂಡು ಹಗಲಲ್ಲೂ ದೀಪ ಬೇಡುವ ಒಂದು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಹಂಡೆ ಹೂತ ಬಚ್ಚಲು, ಹಿತ್ತಿಲಲ್ಲಿ ಒಂದಿಷ್ಟು ರಸಬಾಳೆ ಗಿಡ. ದೇವರಿಗೆ ಬೇರೆ ಕೋಣೆ ಇರಲಿಲ್ಲ. ಅಡುಗೆಮನೆಯ ಮೂಲೆಯ ಗೂಡಿನಲ್ಲೇ ಅವನ ವಾಸ. ತೊಂದರೆಯೆಲ್ಲ ಅಲ್ಲೇ. ಒಲೆಗೂ ದೇವರಿಗೂ ನಡುವೆ ಗೋಡೆಯಿಲ್ಲದ್ದರಿಂದ ಅಡುಗೆಮನೆಯೇ ಗರ್ಭಗುಡಿಯಾಗಿಬಿಟ್ಟಿತ್ತು, ಅಜ್ಜಿ ಅದರ ಅರ್ಚಕಳು. ಸ್ಕೂಲಿನಿಂದ ಬಂದ ನಾನು ಹೊಸ್ತಿಲ ಈಚೆ ನಿಂತು ಕೈ ಚಾಚಬೇಕು. ಅವಳು ಮೇಲಿನಿಂದ, ಕೈಗೆ ಕೈ ತಾಗದ ಹಾಗೆ, ಕೋಡುಬಳೆ ಬೀಳಿಸುತ್ತಿದ್ದಳು. ಎಷ್ಟೋ ಕೋಡುಬಳೆ ನೆಲಕ್ಕೆ ಬಿದ್ದು ಮುರಿದಿವೆ. ಮುರಿದ ಕೋಡುಬಳೆಗೇ ರುಚಿ ಹೆಚ್ಚು ಎಂದು ಅಜ್ಜಿ ನನ್ನನ್ನು ನಂಬಿಸಿದ್ದಳು. ಈ ವಯಸ್ಸಿನಲ್ಲೂ ನಾನು ಕೋಡುಬಳೆಯನ್ನು ಮೊದಲು ಮುರಿದು ಆಮೇಲೆ ಬಾಯಿಗೆ ಹಾಕುವುದು.

ಧೂಪ ಅಜ್ಜಿಯ ಹೆಮ್ಮೆ. ಓದು ಬರಹ ಅಷ್ಟಕ್ಕಷ್ಟೆ, ಹಾಡು ಹಸೆಯಲ್ಲಿ ಮುಂದಿಲ್ಲ, ಅಡುಗೆಯಲ್ಲಿ ನಮ್ಮಮ್ಮನೇ ಅವಳಿಗಿಂತ ಒಂದು ಕೈ ಮೇಲು. ಆದರೆ ಧೂಪದ ಮಾತು ಬಂದರೆ ಊರಿಗೆ ಊರೇ ಅವಳ ಮುಂದೆ ತೆಪ್ಪಗಿರಬೇಕು. ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಯ ಒದ್ದೆ ಕೂದಲಿಗೆ, ಎಣ್ಣೆನೀರಾದ ಕೂಸಿಗೆ ಹಿಡಿಯಲು ಅಜ್ಜಿಯ ಧೂಪವೇ ಆಗಬೇಕು. ಡಬ್ಬಿ ಹಿಡಿದು ಬಂದವರನ್ನು ಅವಳು ಬರಿಗೈಲಿ ಕಳಿಸಿದವಳಲ್ಲ. ಹಾಲುಮಡ್ಡಿ, ಸಾಂಬ್ರಾಣಿ, ಗುಗ್ಗುಳ, ಲಾವಂಚದ ಬೇರು, ಕಚೋರ, ಗಂಧದ ಪುಡಿ, ಇವು ಯಾರೂ ಹಾಕುವಂಥವೇ. ಅಜ್ಜಿಯದರಲ್ಲಿ ಇನ್ನೊಂದು ಬೀಳುತ್ತಿತ್ತು, ಉಗುರುಚಕ್ಕೆ. ಹೆಬ್ಬೆರಳ ಉಗುರಿನಷ್ಟು ಅಗಲ, ಹಾಗೇ ತುಸು ಬಾಗು, ಕಂದು ಬಣ್ಣ. ತಿರುಮಕೂಡಲು ನರಸೀಪುರದಲ್ಲಿ ಆಯುರ್ವೇದ ಪಂಡಿತರಾಗಿದ್ದ ಅವಳ ಅಣ್ಣ ಅದನ್ನು ಯಾರ ಕೈಯಲ್ಲಾದರೂ ಕಳಿಸಿಕೊಡುತ್ತಿದ್ದರು. ಸಗಣಿ ನೀರಿನಲ್ಲಿ ಕುದಿಸಿ, ಹುಣಸೆ ನೀರಿನಲ್ಲಿ ತಿಕ್ಕಿ ತೊಳೆದು, ಒಣಗಿಸಿ, ಕಬ್ಬಿಣದ ಬಾಣಲೆಯಲ್ಲಿ ತುಪ್ಪ ಬಿಟ್ಟು ಹುರಿದು ಕುಟ್ಟಬೇಕು. ಹುರಿಯುವಾಗ ಕೂದಲು ಸುಟ್ಟ ನಾತ ಮನೆಯೆಲ್ಲ ತುಂಬಿ, ಅಪ್ಪ ಪಂಚೆಯ ಚುಂಗಿನಿಂದ ಮೂಗು ಮುಚ್ಚಿಕೊಂಡು ಜಗಲಿಗೆ ಓಡುತ್ತಿದ್ದರು. ಒಂದೇ ಇದ್ದರೆ ನಾತ, ಬೇರೆಯವುಗಳ ಜೊತೆ ಸೇರಿತೋ ಅವೆಲ್ಲದರ ಪರಿಮಳವನ್ನೂ ಹಿಡಿದು ಕೂರಿಸುತ್ತಿತ್ತು. ಬೆಳಿಗ್ಗೆ ಹಾಕಿದ ಧೂಪ ಸಾಯಂಕಾಲ ಅಮ್ಮನ ಸೆರಗಿನಲ್ಲಿ ಸಿಗುತ್ತಿತ್ತು.

ಇದು ಯಾವ ಮರದ ಚಕ್ಕೆ ಎಂದು ನಮ್ಮಲ್ಲಿ ಯಾರಿಗೂ ಅನುಮಾನವಿರಲಿಲ್ಲ. ದಾಲ್ಚಿನ್ನಿ ಚಕ್ಕೆ, ಅಶೋಕದ ಚಕ್ಕೆ ಇದ್ದ ಹಾಗೆ ಉಗುರುಚಕ್ಕೆ. ಚಕ್ಕೆ ಎಂದ ಮೇಲೆ ಮರದ್ದೇ ತಾನೆ. ಘಟ್ಟದ ಕಡೆಯ ಮರವೆಂದೂ ಅದರ ತೊಗಟೆ ಬೇಸಿಗೆಯಲ್ಲಿ ಉಗುರು ಉಗುರಾಗಿ ತಾನೇ ಉದುರುತ್ತದೆಂದೂ ಅಜ್ಜಿ ಹೇಳುತ್ತಿದ್ದಳು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಅಪ್ಪ ಇನ್ನೂ ಮುಂದೆ ಹೋಗಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಆ ಮರವನ್ನು ಕಣ್ಣಾರೆ ನೋಡಿದ್ದೇನೆ ಎಂದೇ ಹೇಳಿಬಿಟ್ಟಿದ್ದರು. ಎಲೆ ಹೇಗಿರುತ್ತದೆ ಎಂದು ನಾನು ಕೇಳಿದೆ. ನೇರಳೆ ಎಲೆಯ ಹಾಗೇ, ಸ್ವಲ್ಪ ಗುಂಡಗೆ, ಎಂದರು. ಮೇಷ್ಟ್ರುಗಳ ಬಾಯಲ್ಲಿ ಗೊತ್ತಿಲ್ಲ ಎನ್ನುವ ಮಾತು ಬರುವುದು ಕಷ್ಟ.

ಹೀಗಿದ್ದ ಮನೆಗೆ ಚಿಕ್ಕಮ್ಮ ಬಂದಳು. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಕುಮಟೆಯ ಕಡೆ ಬ್ಯಾಂಕಿನ ಕೆಲಸದಲ್ಲಿದ್ದವನು ಅಲ್ಲಿಯ ಹುಡುಗಿಯನ್ನು ಮೆಚ್ಚಿ ಮದುವೆಯಾಗಿ, ಮೈಸೂರಿಗೆ ವರ್ಗ ಮಾಡಿಸಿಕೊಂಡು ಒಂದು ಮಧ್ಯಾಹ್ನ ಜಗಲಿಯ ಮೇಲೆ ಬಂದು ನಿಂತ. ಸುನಂದ ಎಂದು ಅವಳ ಹೆಸರು. ಅವರೂ ಬ್ರಾಹ್ಮಣರೇ ಎಂದು ಚಿಕ್ಕಪ್ಪ ಹೇಳಿದಾಗ ಅಜ್ಜಿಯ ಮುಖ ಅರಳಿತು. ಅವರಲ್ಲಿ ಮೀನು ತಿನ್ನುತ್ತಾರೆ ಎಂದು ಅವನೇ ಹೇಳಿದಾಗ ಮುದುಡಿತು. ಸುಳ್ಳು ಹೇಳಿ ಕರೆತರಬಾರದೆಂದು ಇಬ್ಬರೂ ಮಾತಾಡಿಕೊಂಡೇ ಬಂದಿದ್ದರಂತೆ. ಅಜ್ಜಿ ಕೂಗಾಡಲಿಲ್ಲ, ಅಳಲಿಲ್ಲ. ಆರತಿ ಎತ್ತಿಸಿ ಒಳಗೆ ಕರೆದುಕೊಂಡಳು, ಒಂದು ರೇಷ್ಮೆ ಸೀರೆಯನ್ನೂ ಕೊಟ್ಟಳು. ಆಮೇಲೆ ಒಂದೇ ಮಾತು ಹೇಳಿದಳು.

"ಮನೆ ನಿಂದೇ ಕಣಮ್ಮಾ. ಎಲ್ಲಿ ಬೇಕಾದ್ರೂ ಇರು. ಅಡುಗೆಮನೆ ಹೊಸ್ತಿಲು ಮಾತ್ರ ದಾಟಬೇಡ. ಮೀನು ಮುಟ್ಟಿದ ಕೈ, ನಂಗೆ ಮನಸ್ಸು ಒಪ್ಪಲ್ಲ."

ಚಿಕ್ಕಮ್ಮ ಮದುವೆಯಾದಾಗಲೇ ಮೀನು ಬಿಟ್ಟಿದ್ದಳು. ಅದನ್ನು ಹೇಳಿದರೂ ಅಜ್ಜಿಯ ಲೆಕ್ಕ ಬದಲಾಗಲಿಲ್ಲ. ಹಸಿ ತರಕಾರಿಗೆ ಮೈಲಿಗೆ ಇಲ್ಲ ಎಂಬ ಪುಣ್ಯಕ್ಕೆ ಹುರುಳಿಕಾಯಿ, ಅವರೆಕಾಯಿ ಮಾತ್ರ ಹೊಸ್ತಿಲು ದಾಟಿ ಅವಳ ಮಡಿಲಿಗೆ ಬರುತ್ತಿದ್ದವು. ಅವಳು ನಡುಮನೆಯಲ್ಲಿ ಕೂತು ಬಿಡಿಸಿ ವಾಪಸು ಕಳಿಸುವಳು. ನಮ್ಮಮ್ಮ ಒಳಗಿನಿಂದ ತಟ್ಟೆ ತಂದು ಬಡಿಸುವಾಗ, ಒಂದೇ ಮನೆಯ ಸೊಸೆ ಇನ್ನೊಬ್ಬ ಸೊಸೆಗೆ ನೆಂಟರಿಗೆ ಬಡಿಸಿದ ಹಾಗೆ ಬಡಿಸಬೇಕಲ್ಲ ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು. ನನಗೆ ಮಾತ್ರ ಇದರಿಂದ ಲಾಭವೇ ಆಯಿತು. ಇಷ್ಟು ದಿನ ಹೊಸ್ತಿಲ ಈಚೆ ನಾನೊಬ್ಬಳೇ ಇದ್ದೆ, ಈಗ ಜೊತೆ ಸಿಕ್ಕಿತು. ನನಗೆ ಜಡೆ ಹಾಕುತ್ತ ಅವಳು ಸಮುದ್ರದ ಕತೆ ಹೇಳುತ್ತಿದ್ದಳು. ಕಪಿಲೆಯ ಆಚೆ ದಡ ಕಾಣುವುದನ್ನಷ್ಟೇ ಕಂಡಿದ್ದ ನನಗೆ ಆಚೆ ದಡವೇ ಇಲ್ಲದ ನೀರು ಎಂದರೆ ಹೆದರಿಕೆಯೂ ಆಸೆಯೂ ಆಗುತ್ತಿತ್ತು. ನಾನು ಅವಳನ್ನು ತುಂಬ ಹಚ್ಚಿಕೊಂಡುಬಿಟ್ಟೆ.

ಮುಂದಿನ ಸಲ ಧೂಪ ಮಾಡುವ ದಿನ ಬಂತು. ಅಜ್ಜಿ ನಡುಮನೆಯ ಬೆಳಕಿಗೆ ಕೂತು ಮೊರದಲ್ಲಿ ಕುದಿಸಿ ತೊಳೆದು ಒಣಗಿಸಿದ ಉಗುರುಚಕ್ಕೆ ಹರವಿಕೊಂಡು ಕಸ ಆರಿಸುತ್ತಿದ್ದಳು. ಒಗೆದ ಬಟ್ಟೆ ಹೊತ್ತು ಹಿತ್ತಿಲಿಗೆ ಹೊರಟ ಚಿಕ್ಕಮ್ಮ ಅದನ್ನು ಕಂಡು ನಿಂತಳು, ಬಟ್ಟೆ ಕೆಳಗಿಟ್ಟು ಒಂದು ಚಕ್ಕೆ ಎತ್ತಿಕೊಂಡಳು. ನಮ್ಮ ಮನೆಗೆ ಬಂದ ಮೇಲೆ ಅವಳು ಬಾಯ್ತುಂಬ ನಕ್ಕಿದ್ದು ಅದೇ ಮೊದಲು.

"ಅಯ್ಯೋ, ಇದು ಇಲ್ಲಿಗೆ ಹೇಗೆ ಬಂತು! ಬಾಗಿಲು!"

"ಎಂಥ ಬಾಗಿಲೇ? ಉಗುರುಚಕ್ಕೆ ಅದು," ಎಂದಳು ಅಜ್ಜಿ.

"ಚಕ್ಕೆ ಅಲ್ಲ ಅತ್ತೆ. ನಮ್ಮ ಸಮುದ್ರದಲ್ಲಿ ಮರಳಿನ ಒಳಗೆ ಒಂದು ಹುಳ ಇರ್ತದೆ, ಬೆನ್ನ ಮೇಲೆ ಸುರುಳಿ ಚಿಪ್ಪು. ಯಾರಾದ್ರೂ ಮುಟ್ಟಿದ್ರೆ ಒಳಗೆ ಹೋಗಿ ಈ ಬಾಗಿಲು ಹಾಕ್ಕೊಳ್ತದೆ. ಇದು ಅದರ ಕಾಲಿಗೇ ಅಂಟಿರ್ತದೆ."

ಊರಿನ ವಸ್ತು ಕಂಡ ಸಂತೋಷದಲ್ಲಿ ಅವಳಿಗೆ ತಾನೇನು ಹೇಳುತ್ತಿದ್ದೇನೆ ಎನ್ನುವುದೇ ಹೊಳೆದಿರಲಿಲ್ಲ. ಅಜ್ಜಿಯ ಕೈ ಮೊರದ ಮೇಲೆ ಹಾಗೇ ನಿಂತಿತು. ಏನಾದರೂ ಒಂದು ದಾರಿ ಸಿಗಲಿ ಎನ್ನುವ ಹಾಗೆ ಮೆಲ್ಲಗೆ ಕೇಳಿದಳು.

"ಹುಳ ಅಂದ್ರೆ, ನಮ್ಮ ಬಸವನಹುಳುವಿನ ಹಾಗೇನೇ?"

"ಹೌದು ಅತ್ತೆ, ಅದೇ ಜಾತಿ."

"ಬಸವನಹುಳು ಸೊಪ್ಪು ತಿನ್ನತ್ತೆ, ಪಾಚಿ ತಿನ್ನತ್ತೆ. ಇದೂ ಪಾಚಿ ತಾನೆ ತಿನ್ನೋದು?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮಮ್ಮ, ಹೌದು ಅನ್ನು, ಹೌದು ಅನ್ನು ಎಂದು ಕಣ್ಣಲ್ಲೇ ಬೇಡಿಕೊಂಡಳು. ಚಿಕ್ಕಮ್ಮನಿಗೆ ಆಗ ಅರ್ಥವಾಯಿತು. ಅವಳ ನಗು ಇಳಿದುಹೋದದ್ದನ್ನು ನಾನು ನೋಡಿದೆ. ಹೌದು ಎಂದುಬಿಟ್ಟಿದ್ದರೆ ಅವತ್ತಿನ ಕತೆ ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲ ಅತ್ತೆ," ಎಂದಳು. "ಅದು ಬೇಟೆ ಆಡ್ತದೆ. ಮರಳಲ್ಲಿ ಹುಗಿದು ಕೂತಿರ್ತದೆ, ಸಣ್ಣ ಸೊಂಡಿಲು ಮಾತ್ರ ಮೇಲೆ. ವಾಸನೆ ಹಿಡಿದು ಹೋಗಿ ಬೇರೆ ಚಿಪ್ಪಿನ ಹುಳವನ್ನ ಕಾಲಲ್ಲಿ ತಬ್ಬಿಕೊಂಡು, ಚಿಪ್ಪಿಗೆ ದುಂಡಗೆ ತೂತು ಕೊರೆದು, ಒಳಗಿನ ಮಾಂಸ..."

ನಮ್ಮಮ್ಮ ಜೋರಾಗಿ ಕೆಮ್ಮಿದಳು. ಮಾಂಸ ಎನ್ನುವ ಮಾತು ದೇವರ ಗೂಡಿಗೆ ನೇರ ಎದುರಾಗಿ ಬಿದ್ದಿತ್ತು. ಅಜ್ಜಿ ಎದ್ದಳು. ಮೊರವನ್ನು ಕೈಯಿಂದ ಮುಟ್ಟದೆ ಕಾಲಿನಿಂದ ಗೋಡೆಗೆ ಸರಿಸಿದಳು. ಬಚ್ಚಲಿಗೆ ಹೋಗಿ ಉಟ್ಟ ಸೀರೆಯ ಮೇಲೇ ತಣ್ಣೀರು ಸುರಿದುಕೊಂಡಳು. ಧೂಪದ ಜಾಡಿಯನ್ನು ನಮ್ಮಮ್ಮನ ಕೈಲಿ ಎತ್ತಿಸಿ ಹಿತ್ತಿಲಿನ ಬಾಳೆಯ ಬುಡದಲ್ಲಿ ಇಡಿಸಿದಳು.

ಆಮೇಲಿನ ದಿನಗಳು ಬಹಳ ಕೆಟ್ಟದಾಗಿದ್ದವು. ಮನೆಗೆ ವಾಸನೆಯೇ ಇಲ್ಲ. ಹುಳಿ, ಸೀಮೆಎಣ್ಣೆ, ಒದ್ದೆ ಬಟ್ಟೆ, ಇಷ್ಟು ದಿನ ಧೂಪದ ಅಡಿಯಲ್ಲಿ ಅಡಗಿದ್ದ ನಾತಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. ಹಾಲು ಹಾಕುತ್ತಿದ್ದ ಪಕ್ಕದ ಹೆಡತಲೆ ಊರಿನ ಸಿದ್ದಮ್ಮ ಡಬ್ಬಿ ಹಿಡಿದು ಬಂದಳು.

"ಅಜ್ಜಮ್ಮೋರೇ, ಮಗ್ಳು ಎತ್ತವ್ಳೆ, ಎಣ್ ಕೂಸು. ಒಸಿ ದೂಪ ಕೊಡ್ರವ್ವ."

"ಇಲ್ಲ ಸಿದ್ದಮ್ಮ. ಅದರಲ್ಲಿ ಏನೋ ಸೇರಿಬಿಟ್ಟಿದೆ."

"ಏನ್ ಸೇರದ್ರೆ ಏನವ್ವ? ಕೂಸ್ಗೆ ನಿದ್ದೆ ಬತ್ತದೆ, ಅಷ್ಟೆಯಾ."

ಸಿದ್ದಮ್ಮ ಖಾಲಿ ಡಬ್ಬಿ ಹಿಡಿದು ಹೋದಳು. ಆ ಸಾಯಂಕಾಲ ಅಜ್ಜಿ ದೇವರ ಮುಂದೆ ಕೂತು, ಮದುವೆಯಾಗಿ ಬಂದಾಗಿನಿಂದ ನಿನ್ನ ಮೂಗಿಗೆ ಏನು ಹಿಡಿದೆನಪ್ಪಾ ನಾನು, ಎಂದು ಗಟ್ಟಿಯಾಗಿ ಅತ್ತಳು. ಅಜ್ಜಿ ಅತ್ತಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನಡುಮನೆಯಲ್ಲಿ ಚಿಕ್ಕಮ್ಮ ಕಂಬಕ್ಕೆ ಒರಗಿ ಕಲ್ಲಾಗಿ ಕೂತಿದ್ದಳು. ಬ್ಯಾಂಕಿನಿಂದ ಬಂದ ಚಿಕ್ಕಪ್ಪ ಇಬ್ಬರನ್ನೂ ನೋಡಿ ಸಿಡಿದ.

"ನಿಜ ಹೇಳಿದ್ದೇ ಇವಳ ತಪ್ಪಾಯ್ತಾ? ಬೇಡ ಬಿಡಮ್ಮಾ. ಮೈಸೂರಲ್ಲಿ ಬಾಡಿಗೆ ಮನೆ ನೋಡ್ತೀನಿ."

"ನೋಡು," ಎಂದಳು ಅಜ್ಜಿ.

ನಾನು ಕೋಣೆಗೆ ಹೋಗಿ ಗೋಡೆಗೆ ಮುಖ ಹಾಕಿ ಕೂತೆ. ಮನೆ ಒಡೆಯುವುದು ಎಂದರೇನು ಎಂದು ನನಗೆ ಗೊತ್ತಿರಲಿಲ್ಲ. ಚಿಕ್ಕಮ್ಮ ಹೋಗಿಬಿಡುತ್ತಾಳೆ ಎನ್ನುವುದಷ್ಟು ಗೊತ್ತಾಗಿತ್ತು, ಅಷ್ಟು ಸಾಕಾಗಿತ್ತು. ಆ ಹೊತ್ತಿಗೆ ಅಪ್ಪನಿಗೆ ಒಂದು ಉಪಾಯ ಹೊಳೆಯಿತು. ಬೆಟ್ಟದಲ್ಲಿ ಕಂಡಿದ್ದ ಮರ ಕೈಬಿಟ್ಟು ಹೋಗುತ್ತಿದೆಯಲ್ಲ ಎನ್ನುವ ಸಂಕಟವೂ ಅವರಿಗಿತ್ತು. ನರಸೀಪುರದ ಮಾವನನ್ನೇ ಕೇಳಿದರಾಯಿತಲ್ಲ, ಕಳಿಸುವವರು ಅವರೇ ತಾನೆ, ಎಂದರು. ಅಜ್ಜಿ ಒಪ್ಪಿದಳು. ಅವಳೂ ಬರಲಿ, ಎದುರಿಗೇ ಇತ್ಯರ್ಥ ಆಗಲಿ ಎಂದು ಚಿಕ್ಕಮ್ಮನನ್ನೂ ಹೊರಡಿಸಿದಳು. ನಾನು ಹಟ ಮಾಡಿ ಜೊತೆಗೆ ಬಿದ್ದೆ.

ಪಂಡಿತ ತಾತನ ಮನೆ ಕಾವೇರಿ ಕಪಿಲೆ ಕೂಡುವ ಕಡೆಗೆ ಇಳಿಯುವ ಬೀದಿಯಲ್ಲಿ. ಜಗಲಿಯ ಮೇಲೆ ಮಣೆ ಹಾಕಿಕೊಂಡು ಲೇಹ ಕಲಸುತ್ತಿದ್ದರು. ಅಜ್ಜಿ ಕುಶಲ ಕೂಡ ಕೇಳದೆ, ಬಾಳೆಲೆಯ ಚೂರಿನಲ್ಲಿ ಸುತ್ತಿ ತಂದಿದ್ದ ಚಕ್ಕೆಯನ್ನು ಮಣೆಯ ಮುಂದೆ ಉದುರಿಸಿದಳು.

"ಅಣ್ಣಯ್ಯ, ಇದು ಯಾವ ಮರದ್ದು?"

"ಮರ? ಇದಕ್ಕೆಲ್ಲಿಯ ಮರ ಸೀತೂ? ಕಡಲಿನ ಹುಳದ್ದು."

"ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಪಂಡಿತ ಅಂತ ಬೋರ್ಡ್ ಹಾಕ್ಕೊಂಡಿದ್ದೀನಲ್ಲ."

"ಮತ್ತೆ ನಂಗ್ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ. ಹೇಳಿದ್ರೆ ನೀವು ಹೆಂಗಸರು ಮುಟ್ತಿದ್ರಾ? ನಮ್ಮಪ್ಪನೂ ಅಮ್ಮಂಗೆ ಹೇಳಿರಲಿಲ್ಲ."

ಅಜ್ಜಿಯ ಮುಖ ಕೆಂಪಗಾದದ್ದು ಆಗ. ಚಿಕ್ಕಮ್ಮ ಹುಳವೆಂದಾಗಲೂ ಹೀಗಾಗಿರಲಿಲ್ಲ. ತಾತ ಅದನ್ನು ನೋಡಿ, ಕಸ್ತೂರಿ ಎಲ್ಲಿಂದ ಬಂತು, ಮುತ್ತು ಎಲ್ಲಿಂದ ಬಂತು, ಶಂಖ ಎಲ್ಲಿಂದ ಬಂತು ಎಂದು ಶುರು ಮಾಡಿದರು. ನಿಮ್ಮೂರ ದೇವರು ನಂಜನ್ನೇ ನುಂಗಿದವನು, ಇಷ್ಟು ಹೊಗೆಗೆ ಕೆಮ್ಮುತ್ತಾನಾ, ಎಂದು ತಮಾಷೆಯನ್ನೂ ಮಾಡಿದರು.

"ಶಂಖ ಊದ್ತೀವಿ, ತುಪ್ಪದಲ್ಲಿ ಹುರಿಯಲ್ಲ," ಎಂದಳು ಅಜ್ಜಿ. "ಅಪ್ಪಂಗೂ ಗೊತ್ತು, ನಿಂಗೂ ಗೊತ್ತು. ನಮ್ಮ ಕೈಲಿ ತೊಳೆಸಿ, ಹುರಿಸಿ, ಕುಟ್ಟಿಸಿ, ನೀವು ಮಡಿ ಉಟ್ಕೊಂಡು ಮಂಗಳಾರತಿ ತಗೊಂಡ್ರಿ. ಮೀನು ತಿಂದ ಕೈ ಅಂತ ನಾನು ಒಂದು ಹುಡುಗೀನ ಹೊಸ್ತಿಲಾಚೆ ಕೂರಿಸಿದ್ದೀನಿ ಕಣೋ!"

ತಾತ ಕಾಫಿ ಕುಡಿದು ಹೋಗೆಂದರೂ ಅಜ್ಜಿ ನಿಲ್ಲಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನಾವು ಮೂವರೂ ಕೂತೆವು. ಬಿಸಿಲಿತ್ತು. ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಅಜ್ಜಿ ಚಿಕ್ಕಮ್ಮನನ್ನು ಕೇಳಿದಳು.

"ಪಾಚಿ ತಿನ್ನತ್ತೆ ಅಂತ ಹೇಳು ಅಂತ ನಿನ್ನ ವಾರಗಿತ್ತಿ ಕಣ್ಸನ್ನೆ ಮಾಡಿದ್ಲು. ನಾನು ನೋಡಿದೆ. ಯಾಕೆ ಹೇಳಲಿಲ್ಲ ನೀನು?"

"ನೀವು ಕೇಳಿದ್ರಲ್ಲ ಅತ್ತೆ," ಎಂದಳು ಚಿಕ್ಕಮ್ಮ.

ಬಸ್ಸು ಬಂತು, ಹತ್ತಿದೆವು, ನನ್ನನ್ನು ನಡುವೆ ಕೂರಿಸಿಕೊಂಡರು. ಊರು ದಾಟಿ ಗದ್ದೆಬಯಲು ಬಂದ ಮೇಲೆ ಅಜ್ಜಿ ನನ್ನ ತಲೆಯ ಮೇಲಿಂದಲೇ ವಿಚಾರಣೆ ಶುರು ಮಾಡಿದಳು.

"ಅದು ಸ್ನಾನ ಗೀನ ಮಾಡತ್ತೇನೇ?"

"ಇರೂದೇ ಸಮುದ್ರದಲ್ಲಿ ಅಲ್ವಾ ಅತ್ತೆ."

"ಹಾಗಾದ್ರೆ ಮೂರು ಹೊತ್ತೂ ಸಮುದ್ರಸ್ನಾನ. ಮುಟ್ಟಿದ್ರೆ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳತ್ತೆ ಅಂದೆ."

"ಹೌದು. ಎಷ್ಟು ಎಳೆದ್ರೂ ತೆಗೆಯೂದಿಲ್ಲ."

"ನಿನ್ನ ಹಾಗೇ ಅಜ್ಜಿ," ಎಂದೆ ನಾನು.

ಚಿಕ್ಕಮ್ಮ ಹೆದರಿ ನನ್ನ ಬಾಯಿ ಮುಚ್ಚಿದಳು. ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಬೈಗುಳ ಬೀಳುತ್ತದೆಂದು ಕಾದೆ. ನೋಡಿದರೆ ಅವಳ ಹೊಟ್ಟೆ ಕುಲುಕುತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಯಾರಿಗೂ ಗೊತ್ತಾಗಬಾರದೆಂದು ನಗುತ್ತಿದ್ದಳು.

ಹಾಗಂತ ಮನೆಗೆ ಬಂದ ಕೂಡಲೇ ಎಲ್ಲ ಸರಿಹೋಯಿತು ಎಂದುಕೊಳ್ಳಬಾರದು. ನಮ್ಮಜ್ಜಿ ಅಷ್ಟು ಸುಲಭದ ಆಸಾಮಿಯಲ್ಲ. ಚಿಕ್ಕಪ್ಪ ಮೈಸೂರಿನಲ್ಲಿ ಮನೆ ಹುಡುಕುವುದನ್ನು ನಿಲ್ಲಿಸಿರಲಿಲ್ಲ, ಅವಳೂ ನಿಲ್ಲಿಸು ಎನ್ನಲಿಲ್ಲ. ಚಕ್ಕೆ ಬಿಟ್ಟು ಬೇರೆಲ್ಲ ಹಾಕಿ ಹೊಸ ಧೂಪ ಮಾಡಿದಳು. ಅದು ಕೆಂಡಕ್ಕೆ ಬಿದ್ದಾಗ ಗಮ್ಮೆಂದಿತು, ಮಂಗಳಾರತಿ ಮುಗಿಯುವಷ್ಟರಲ್ಲಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಸಿದ್ದಮ್ಮನಿಗೆ ಅದನ್ನೇ ಕೊಟ್ಟಳು. ಮಾರನೆಯ ದಿನ ಹಾಲು ಅಳೆಯುತ್ತ ಸಿದ್ದಮ್ಮ ಮೂಗು ಮುರಿದಳು.

"ಇದು ಅದಲ್ಲ ಕಣ್ರವ್ವ. ಕೂಸು ರಾತ್ರೆಲ್ಲ ಚೀರ್ತು."

ಇದು ಅಜ್ಜಿಗೆ ಚೆನ್ನಾಗಿ ನಾಟಿತು. ದೇವರು ಏನಾದರೂ ತಿಳಿದುಕೊಳ್ಳಲಿ, ಹೆಡತಲೆಯ ಕೂಸು ಅವಳ ಧೂಪವನ್ನು ಒಪ್ಪಲಿಲ್ಲ ಎಂದರೆ ಅವಳಿಗೆ ತಡೆಯದು. ಆ ಬೆಳಿಗ್ಗೆಯೆಲ್ಲ ಗೂಡಿನ ಮುಂದೆ ಕೂತು ಗೊಣಗುತ್ತಿದ್ದಳು. ನಿಂಗೂ ಗೊತ್ತಿತ್ತು, ನೀನೂ ಗಂಡಸೇ ತಾನೆ, ಗೊತ್ತಿದ್ದೂ ಸುಮ್ಮನಿದ್ದೆ, ಎಂದು ದೇವರನ್ನೇ ಬೈದದ್ದು ನನ್ನ ಕಿವಿಗೆ ಬಿತ್ತು. ಆಮೇಲೆ ಎದ್ದು ಬಂದು ಸಂಸಾರಕ್ಕೆಲ್ಲ ಕೇಳುವ ಹಾಗೆ ತೀರ್ಪು ಕೊಟ್ಟಳು. ಸಗಣಿ ನೀರಿನಲ್ಲಿ ಕುದ್ದ ಮೇಲೆ ಚಕ್ಕೆಗೆ ಮೈಲಿಗೆ ಇಲ್ಲ, ಧೂಪಕ್ಕೆ ಬೀಳಬಹುದು. ಆದರೆ ಹುಳದ್ದೆಂದು ಗೊತ್ತಾದ ಮೇಲೆ ತನ್ನ ಕೈ ಅದನ್ನು ಮುಟ್ಟುವುದಿಲ್ಲ. ಅಡುಗೆ ಮಾಡುವ ನಮ್ಮಮ್ಮನೂ ಮುಟ್ಟುವ ಹಾಗಿಲ್ಲ.

"ಮತ್ತೆ ಯಾರು ಹುರಿಯೋದು?" ಎಂದರು ಅಪ್ಪ.

ನಡುಮನೆಯಲ್ಲಿ ಸ್ಟೌ ಹಚ್ಚಿ ಹುರಿಯಬಹುದಲ್ಲ ಎಂದು ಅಪ್ಪನೇ ಸೂಚಿಸಿದರು. ಸೀಮೆಎಣ್ಣೆಯ ವಾಸನೆ ಹಿಡಿದರೆ ಧೂಪ ಕೆಡುತ್ತದೆ ಎಂದು ಅಜ್ಜಿ ತಳ್ಳಿಹಾಕಿದಳು. ಹಿತ್ತಿಲಲ್ಲಿ ಒಲೆ ಹೂಡಿದರೆ ಗಾಳಿಗೆ ಉರಿ ನಿಲ್ಲುವುದಿಲ್ಲ, ಹದ ತಪ್ಪುತ್ತದೆ. ಸೌದೆ ಒಲೆಯೇ ಆಗಬೇಕು, ಅದು ಇರುವುದು ಒಳಗೆ. ಇಷ್ಟು ಹೇಳಿ ಮುಗಿಸಿದ ಅಜ್ಜಿ, ಈ ಊರಿನಲ್ಲಿ ಬೇರೆ ದಾರಿಯೇ ಇಲ್ಲವಲ್ಲ ಎನ್ನುವ ಹಾಗೆ ಸಿಡುಕಿಕೊಂಡು ಕೂಗಿದಳು.

"ಏ ಸುನಂದಾ! ಕಾಲು ತೊಳ್ಕೊಂಡು ಒಳಗೆ ಬಾ. ನಿಂಗಾದ್ರೆ ಇದರ ಅಭ್ಯಾಸ ಇದೆ."

ಚಿಕ್ಕಮ್ಮ ಕಾಲು ತೊಳೆದು ಬಂದು ಹೊಸ್ತಿಲಲ್ಲಿ ನಿಂತಳು. ಅವಳ ಹಿಂದೆ ಚಿಕ್ಕಪ್ಪ, ಅವನ ಹಿಂದೆ ನಾನು. ನಮ್ಮಮ್ಮ ಒಳಗಿನಿಂದ ಕೈ ಚಾಚಿದಳು, ಅದನ್ನು ಹಿಡಿದು ಚಿಕ್ಕಮ್ಮ ದಾಟಿದಳು. ಬಾಣಲೆಗೆ ತುಪ್ಪ ಬಿಟ್ಟು ಚಕ್ಕೆ ಸುರಿದಳು. ಅಜ್ಜಿ ದೇವರ ಗೂಡಿಗೆ ಬೆನ್ನು ಕೊಟ್ಟು ಕೂತು, ಉರಿ ತಗ್ಗಿಸು, ತಿರುವುತ್ತಾ ಇರು, ಉಬ್ಬಿದ ಮೇಲೆ ಇಳಿಸು ಎಂದು ಒಂದೇ ಸಮನೆ ಹೇಳುತ್ತಿದ್ದಳು. ಕೂದಲು ಸುಟ್ಟ ನಾತ ಎದ್ದಿತು. ಅಪ್ಪ ಪಂಚೆ ಎತ್ತಿಕೊಂಡು ಜಗಲಿಗೆ ಓಡಿದರು. ಅದಕ್ಕಿಂತ ಒಳ್ಳೆಯ ವಾಸನೆ ನಾನು ಇವತ್ತಿನವರೆಗೆ ಕಂಡಿಲ್ಲ. ಬಾಣಲೆ ಇಳಿಸಿ, ಕೈ ತೊಳೆದುಕೊಂಡು ಚಿಕ್ಕಮ್ಮ ಹೊಸ್ತಿಲ ಕಡೆ ಹೊರಟಳು. ಪಕ್ಕದ ಒಲೆಯ ಮೇಲೆ ನುಗ್ಗೆಕಾಯಿ ಹುಳಿ ಕುದಿಯುತ್ತಿತ್ತು.

"ಎಲ್ಲಿ ಹೊರಟೆ?" ಎಂದಳು ಅಜ್ಜಿ. "ಒಲೆ ಮುಂದೆ ಇದ್ದೀಯಲ್ಲ, ಹಾಗೇ ಆ ಹುಳಿಗೊಂದು ಒಗ್ಗರಣೆ ಹಾಕು."

"ನಾನಾ ಅತ್ತೆ?"

"ಇನ್ಯಾರಿದ್ದಾರೆ ಅಲ್ಲಿ?"

ಚಿಕ್ಕಮ್ಮ ಹಾಕಿದ ಸಾಸಿವೆ ಅರ್ಧ ಒಲೆಗೆ ಬಿತ್ತು. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ, ಎಂದಿನಂತೆ ಅಜ್ಜಿ ಕೊನೆಗೆ ಎಲೆಯ ಮುಂದೆ ಕೂತಳು. ಚಿಕ್ಕಮ್ಮ ಕಂಬ ಹಿಡಿದುಕೊಂಡು ನೋಡುತ್ತಿದ್ದಳು. ಅಜ್ಜಿ ಅನ್ನಕ್ಕೆ ಹುಳಿ ಕಲಸಿ ಒಂದು ತುತ್ತು ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು, ನುಂಗಿ, ತಲೆಯೆತ್ತಿದಳು.

"ಇಂಗು ಕಡಿಮೆಯಾಯ್ತು ಕಣೇ. ನಾಳೆ ಒಂದು ಚೂರು ಮುಂದಾಗಿ ಹಾಕು."